ಕಾರಿನಡಿಯ ಬಾವಿಗೆ ಹೊನ್ನಪ್ಪನೇ ಸಾಕ್ಷಿ

ಬೆಳಗಿನ ಐದು ಗಂಟೆ. ಬರ್ ದುಬೈನ ಹಳೆಯ ಓಣಿಗೆ ಮೊದಲ ಅಬ್ರಾ ದೋಣಿಯ ಸದ್ದು ಕೇಳಿಸುವ ಹೊತ್ತಿಗೆ ಹೊನ್ನಪ್ಪ ಏಳನೇ ಫಲಕ ಒರೆಸುತ್ತಿದ್ದಾರೆ. ಎರಡು ಬಕೆಟ್, ಒಂದು ಮೆತ್ತನೆಯ ಬ್ರಷ್, ಹೆಗಲ ಮೇಲೆ ಹಳೆಯ ಬನಿಯನ್. ಇಲ್ಲಿ ಮುತ್ತಿನ ವ್ಯಾಪಾರಿಯ ಮನೆಯಿತ್ತು, ಇಲ್ಲಿ ಒಂಟೆಗಳು ತಂಗುತ್ತಿದ್ದವು ಎಂದು ಪ್ರವಾಸಿಗರಿಗೆ ಹೇಳುವ ಇಂಥ ಫಲಕಗಳು ಮೂವತ್ತೊಂದಿವೆ. ಎಂಟು ಗಂಟೆಯೊಳಗೆ ಮುಗಿಸದಿದ್ದರೆ ಲೋಹ ಕಾದು ಕೈ ಸುಡುತ್ತದೆ, ನೀರು ಒರೆಸುವ ಮೊದಲೇ ಒಣಗಿ ಕಲೆ ನಿಲ್ಲುತ್ತದೆ.

"ಮಂದಿ ಫೋಟೋ ತಗೋತಾರ್ರಿ. ಫಲಕ ಹೊಲಸಿದ್ರ ಊರ ಮಾನ ಹೋಗ್ತೈತಿ" ಎನ್ನುತ್ತಾರೆ. ಆ ಮಾನದಲ್ಲಿ ತಮ್ಮ ಪಾಲೆಷ್ಟು ಎಂದು ಅವರು ಕೇಳಿದವರಲ್ಲ.

ನರಗುಂದದ ಬಳಿಯ ಹಳ್ಳಿಯ ಹೊನ್ನಪ್ಪನಿಗೆ ಈಗ ಐವತ್ತೊಂಬತ್ತು. ಬಂದಾಗ ಕಟ್ಟಡ ಕೆಲಸದ ಹೆಲ್ಪರ್. ಮೊಣಕಾಲು ಸೋತ ಮೇಲೆ, ಹನ್ನೆರಡು ವರ್ಷದಿಂದ, ಈ ಸ್ವಚ್ಛತಾ ಕಂಪನಿಯಲ್ಲಿದ್ದಾರೆ. ಕಾರ್ಮಿಕರ ಕ್ಯಾಂಪಿನ ಕೋಣೆಯಲ್ಲಿ ಆರು ಮಂದಿ, ನಸುಕಿನ ಮೂರೂವರೆಗೆ ಕೆಲಸದ ಬಸ್ಸು. ಮೂವತ್ತು ವರ್ಷದ ಗಲ್ಫ್ ಬದುಕಿನಲ್ಲಿ ಹೆಂಡತಿ ಪಾರ್ವತೆವ್ವನ ಜೊತೆ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಮೂರು ವರ್ಷ ದಾಟುವುದಿಲ್ಲ. ಈ ತಿಂಗಳ ಕೊನೆಗೆ ವೀಸಾ ರದ್ದು ಮಾಡಿಸಿ ಹೊರಟಿದ್ದಾರೆ.

"ಈಗ ನಿದ್ದಿ ಮಾಡಿದ್ರೂ ದಣಿವು ಹೋಗೂದಿಲ್ರಿ. ಖಲಾಸ್" ಎಂದು ನಗುತ್ತಾರೆ.

ಹತ್ತೊಂಬತ್ತನೇ ಫಲಕದ ಮುಂದೆ ಮಾತ್ರ ಆ ನಗು ಇಲ್ಲ. ಅದರ ಮೇಲೆ ರಾಟೆಯ ಚಿತ್ರವಿದೆ. ಓಣಿಗೆಲ್ಲ ನೀರು ಕೊಟ್ಟ ಬಾವಿ ಇಲ್ಲಿತ್ತು ಎನ್ನುತ್ತದೆ ಬರಹ. ಹೊನ್ನಪ್ಪ ಅದನ್ನೂ ಅಷ್ಟೇ ಮುತುವರ್ಜಿಯಿಂದ ಒರೆಸಿ, ಬಟ್ಟೆ ಹಿಂಡಿ, ಮೆಲ್ಲಗೆ ಹೇಳುತ್ತಾರೆ: "ಇದು ಸುಳ್ರಿ. ಬಾವಿ ಇಲ್ಲಿಲ್ಲ. ನಲವತ್ತು ಹೆಜ್ಜಿ ಆಚೆ, ಆ ಕಾರಿನ ಕೆಳಗೈತಿ."

ಹೇಗೆ ಗೊತ್ತು ಎಂದು, ಅವರ ಕಥೆ ಬರೆಯಲು ಬಂದಿದ್ದ ನಾನು ಕೇಳಿದೆ.

"ಮುಚ್ಚಿದವ ನಾನಽ ಅದೀನ್ರಿ."

ದುಬೈಗೆ ಬಂದ ಮರುವರ್ಷದ ಮಾತು. ಪಾರ್ಕಿಂಗ್ ಮಾಡಲು ಹಳೆಯ ಮನೆ ಕೆಡವಿ ಬಾವಿಗೆ ಕಲ್ಲುಮಣ್ಣು ತುಂಬಿಸಿದರು. ಹೊನ್ನಪ್ಪನ ಊರಲ್ಲಿ ಬಾವಿ ಮುಚ್ಚಿದರೆ ಅದಕ್ಕೆ ಉಸಿರಾಡಲು ದಾರಿ ಬಿಡಬೇಕೆಂಬ ನಂಬಿಕೆ. ಬಾವಿಯ ನೀರೆಂದರೆ ಗಂಗವ್ವ, ಅವಳ ಉಸಿರು ಕಟ್ಟಿಸಬಾರದು. ಹೊನ್ನಪ್ಪ ಎರಡಿಂಚಿನ ಕಬ್ಬಿಣದ ಪೈಪೊಂದನ್ನು ನಡುವೆ ನಿಲ್ಲಿಸಿ, ಸುತ್ತ ಮಣ್ಣು ತುಂಬಿದರು. ಫೋರ್‌ಮನ್ ಬೈದನಾದರೂ ಪೈಪು ತೆಗೆಸಲಿಲ್ಲ.

ಹನ್ನೆರಡು ವರ್ಷ ಸುಳ್ಳನ್ನು ಒರೆಸುತ್ತಾ ಸುಮ್ಮನಿದ್ದದ್ದೇಕೆ? "ಮುಚ್ಚಿದವ ನಾನು ಅಂದ್ರ ನನ್ನ ಅನ್ನಕ್ಕ ಕಲ್ಲು ಬೀಳ್ತಿತ್ತು. ಅಂಜಿದ್ನಿ. ಈಗ ಹೊಂಟೀನಿ, ಹೇಳಾಕತ್ತೀನಿ." ಈಗ ಅವಸರವೂ ಇದೆ. ಹಳೆಯ ಫಲಕ ಕಿತ್ತು, ಮುಂದಿನ ವಾರ ಅದೇ ತಪ್ಪು ಜಾಗದಲ್ಲಿ ಕಲ್ಲಿನ ಫಲಕವನ್ನು ಕಾಂಕ್ರೀಟ್ ಹಾಕಿ ಕೂರಿಸುತ್ತಾರೆ. ಆಮೇಲೆ ಬಾವಿ ಎಲ್ಲಿತ್ತೆಂದು ಹೇಳಲು ಇಲ್ಲಿ ಯಾರೂ ಇರುವುದಿಲ್ಲ.

ಸೂಪರ್‌ವೈಸರ್ ನೆವಿಲ್ ಕುಂದಾಪುರದ ಕಡೆಯವರು. "ಎಂತ ಮಾಡುದು ಸರ್, ಡ್ರಾಯಿಂಗಲ್ಲಿ ಜಾಗ ಅದೇ ಉಂಟು. ಕ್ಲೀನರ್ ಹೇಳಿದ ಅಂತ ಬದಲಾಯಿಸ್ಲಿಕ್ಕೆ ಆಗ್ತದಾ?" ಎಂದರು ಮೊದಲು. ಹಾಗಂದವರೇ ಮೂರು ದಿನ ಓಡಾಡಿ, ಪಾರ್ಕಿಂಗ್ ನೆಲಕ್ಕೆ ಹಾಸಿದ ನಾಲ್ಕು ಇಂಟರ್‌ಲಾಕ್ ಕಲ್ಲು ಎತ್ತಲು ಅನುಮತಿ ತಂದರು. ದೊಡ್ಡ ಮನುಷ್ಯ.

ಶುಕ್ರವಾರ ಮುಂಜಾನೆ ಮೂವರೂ ಕಾದೆವು, ಆ ಬಿಳಿ ಕಾರು ಹೊರಡಲಿ ಎಂದು. ಆರೂಕಾಲಿಗೆ ಹೊರಟಿತು. ಹೊನ್ನಪ್ಪ ಗೋಡೆಯ ಮೂಲೆಯಿಂದ ಹೆಜ್ಜೆ ಎಣಿಸಿ ನಿಂತರು. ಮೊದಲ ನಾಲ್ಕು ಕಲ್ಲಿನ ಕೆಳಗೆ ಬರೀ ಮರಳು. ಅವರ ಮುಖ ನೋಡಲಾಗಲಿಲ್ಲ. "ಅಣ್ಣಾ, ಇನ್ನೆರಡು ತೆಗೀವ. ನಾನು ಹೇಳ್ತೇನೆ ಆಫೀಸಿಗೆ" ಎಂದರು ನೆವಿಲ್. ಎರಡನೆಯದನ್ನು ಎತ್ತಿ ಗೇಣಾಳ ಕೆದಕಿದಾಗ ಕಬ್ಬಿಣ ಸಿಕ್ಕಿತು. ತುಕ್ಕು ಹಿಡಿದು, ಬಾಯಿ ತುಂಬ ಮರಳು.

ಹೊನ್ನಪ್ಪ ಕಷ್ಟಪಟ್ಟು ಮೊಣಕಾಲೂರಿ ಕೂತರು. ಬೆರಳಿನಿಂದ ಮರಳು ತೆಗೆದು, ಬಾಟಲಿಯ ನೀರನ್ನು ಪೈಪಿನೊಳಗೆ ಸುರಿದರು. ತುಂಬ ಹೊತ್ತು ಏಳಲಿಲ್ಲ.

ಫಲಕ ಹಾಕಿಸುವ ಆಫೀಸಿಗೆ ನೆವಿಲ್ ಪೈಪಿನ ಫೋಟೋ ಕಳಿಸಿದ್ದಾರೆ. ಪರಿಶೀಲಿಸುತ್ತೇವೆ, ಅಲ್ಲಿಯವರೆಗೆ ಹೊಸ ಕಲ್ಲು ಕೂರಿಸಬೇಡಿ ಎಂದು ಆಫೀಸಿನಿಂದ ಉತ್ತರ ಬಂದಿದೆ. ಪರಿಶೀಲನೆ ಮುಗಿಯುವಷ್ಟರಲ್ಲಿ ಹೊನ್ನಪ್ಪ ಊರಲ್ಲಿರುತ್ತಾರೆ. ಪೈಪು ಸಿಕ್ಕ ಆ ಮುಂಜಾನೆಯೇ, ಜಾಗ ತೋರಿಸಿದವರೆಂದು ಕಡತದಲ್ಲಿ ನಿಮ್ಮ ಹೆಸರು ಬರೆಸೋಣವೇ ಎಂದು ಕೇಳಿದ್ದೆ. ಅವರು ಬಕೆಟ್ ಎತ್ತಿಕೊಂಡರು. ಇನ್ನೂ ಹನ್ನೆರಡು ಫಲಕ ಬಾಕಿಯಿದ್ದವು.

"ಬ್ಯಾಡ್ರಿ ಸಾಹೇಬ್ರ. ಬಾವಿ ಮುಚ್ಚಿದವನ ಹೆಸರು ಯಾರರ ಬರೀತಾರೇನ್ರಿ? ಗಂಗವ್ವ ಎಲ್ಲಿ ಅದಾಳೋ ಅಲ್ಲೇ ಆಕಿ ಹೆಸರು ನಿಲ್ಲಿಸ್ರಿ. ನಾ ಊರಿಗೆ ಹೋಗಿ ನಿದ್ದಿ ಮಾಡ್ತೀನಿ."