ಅಷ್ಟೂ ತಳ್ಳುವ ರಂಗಕ್ಕ

ರಂಗಕ್ಕ ಕುರಿಯ ತಲೆಯನ್ನು ಒಂದೇ ಏಟಿಗೆ ಎರಡು ಹೋಳು ಮಾಡುತ್ತಿದ್ದಳು. ಎರಡನೇ ಏಟು ಬೇಕಾದರೆ ಮಚ್ಚನ್ನೇ ಬಯ್ಯುತ್ತಿದ್ದಳು. ಶಿರಾ ರಸ್ತೆಯ ಅವಳ ಮಿಲ್ಟ್ರಿ ಹೋಟೆಲಿನಲ್ಲಿ ಸಾರಿಗೆ ಹೆಸರಿಟ್ಟ ಡ್ರೈವರೊಬ್ಬನ ಎದೆಗೇ ಅವನ ತಟ್ಟೆಯನ್ನು ಬಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ನನಗೆ ಅವಳೆಂದರೆ ಬಲು ಪ್ರೀತಿ. ಏಕೆಂದು ಆ ಸಾರು ಉಂಡವರನ್ನು ಕೇಳಿ.

ಭಾನುವಾರ ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಅಲ್ಲಿ ಪೋಕರ್ ನಡೆಯುತ್ತಿತ್ತು. ತೀರಿಹೋದ ಗಂಡ ಮೊಬೈಲಿನಲ್ಲಿ ಆಡುವಾಗ ಪಕ್ಕದಲ್ಲಿ ಕೂತು ಕಲಿತಿದ್ದಳಂತೆ. ದುಡ್ಡಿನ ಬದಲು ಎಲ್ಲರಿಗೂ ಸಮನಾಗಿ ಹುಣಸೆಬೀಜ, ಕೈಗೆ ಎರಡೆರಡು ಇಸ್ಪೀಟೆಲೆ. ಉಳಿದ ಎಲೆಗಳು ಆಮೇಲೆ ಮೇಜಿನ ಮೇಲೆ ಎಲ್ಲರ ಪಾಲಿಗೂ ತೆರೆದುಕೊಳ್ಳುತ್ತವೆ. ಒಬ್ಬರು ಬೀಜ ಮುಂದೆ ತಳ್ಳಿದರೆ ಉಳಿದವರು ಅಷ್ಟೇ ಕಟ್ಟಬೇಕು, ಇಲ್ಲವೇ ಎಲೆ ಎಸೆದು ಆ ಸುತ್ತು ಬಿಟ್ಟುಕೊಡಬೇಕು. ಸರದಿಯ ಮೇಲೆ ಕಟ್ಟಲೇಬೇಕಾದ ಬೀಜ ಆಟ ಸಾಗಿದಂತೆ ಏರುತ್ತಾ ಹೋಗುವುದರಿಂದ ಸುಮ್ಮನೆ ಕೂತವನು ಕರಗಿಹೋಗುತ್ತಾನೆ. ಬೀಜ ಮುಗಿದು ಮೊದಲು ಎದ್ದವನು ಹಿತ್ತಲಿನಲ್ಲಿ ಮರುದಿನದ ಕುರಿತಲೆಗಳನ್ನು ಸುಟ್ಟು ಕೆರೆಯಬೇಕು. ಸಾಮಾನ್ಯವಾಗಿ ಅದು ನಾನೇ. ಒಳ್ಳೆಯ ಎಲೆ ಬರಲೆಂದು ಕಾಯುವ ಜಾತಿ ನನ್ನದು.

ರಂಗಕ್ಕ ನನ್ನ ತಲೆಗೆ ಮೊಟಕುತ್ತಿದ್ದಳು. "ಏನ್ಲಾ ಕಾಯ್ತಾ ಕುಂತಿದ್ದೀಯ? ರಾಜ ಬರೋ ಹೊತ್ಗೆ ನಿನ್ ಬೀಜ ನೋಡಿ ಇರುವೆನೂ ಹೆದ್ರಲ್ಲ. ಹೆದ್ರಿಸೋ ಅಷ್ಟು ಇರುವಾಗ್ಲೇ ಅಷ್ಟೂ ತಳ್ಬುಡು, ಅದೂ ಎಲ್ರಿಗಿಂತ ಮೊದ್ಲು. ಅವ್ರು ಎಲೆ ಎಸುದ್ರೆ ಅಲ್ಲೇ ಗೆದ್ದೆ. ಎಸೀದಿದ್ರೆ ಆಗ್ಲೂ ಗೆಲ್ಬೋದು. ಇನ್ನೊಬ್ರು ತಳ್ಳಿದ್ಮೇಲೆ ಹಿಂದೆ ಹೋಗ್ತೀಯಲ್ಲ, ಅದುಕ್ಕೆ ಮಾತ್ರ ಗಟ್ಟಿ ಎಲೆ ಬೇಕು ಕಣ್ಲಾ."

ಹೇಳಿದಂತೆಯೇ ಆಡುತ್ತಿದ್ದಳು. ಎರಡೂ ಅಂಗೈಯಿಂದ ರಪ್ಪನೆ ತಳ್ಳಿದರೆ ಎದುರಿನವನ ನೀರಿನ ಲೋಟ ಉರುಳಬೇಕು. ಶಿರಾದ ಟೈರ್ ಅಂಗಡಿಯ ನಜೀರ್ ಸಾಬರು ರಾಶಿ ಬೀಜ ಇಟ್ಟುಕೊಂಡಿದ್ದರೂ "ಅರೆ ಅಕ್ಕಾ, ಜಾನ್ ತೆಗೀಬ್ಯಾಡ" ಎಂದು ಎಲೆ ಎಸೆಯುತ್ತಿದ್ದರು.

ಹೋಟೆಲಿನ ಮೇಲೆ ಅವಳ ಮೈದುನನ ಕಣ್ಣಿತ್ತು. ಅಣ್ಣ ಸತ್ತ ಮೇಲೆ ಅದು ತನ್ನದೆನ್ನುವುದು ಅವನ ವಾದ. ಅವಳಿಗೆ ಮಕ್ಕಳಿಲ್ಲ, ತವರಿಲ್ಲ, ಇದ್ದದ್ದು ಆ ಒಲೆಯೊಂದೇ. ಒಮ್ಮೆ ಅವನು ಅವಳನ್ನು ಹೆದರಿಸಲು ಪುರವರದಿಂದ ಇಬ್ಬರು ಪುಂಡರನ್ನು ಕಳಿಸಿದ. ಅವರು ಬಾಯಿ ತೆರೆಯುವ ಮೊದಲೇ ರಂಗಕ್ಕ ಸಾರಿನ ಸೌಟನ್ನು ಒಬ್ಬನ ಬಾಯಿಗೆ ಬೀಸಿ, ಮಚ್ಚನ್ನು ಬಾಗಿಲ ಚೌಕಟ್ಟಿಗೆ ನೆಟ್ಟಳು. ಒಬ್ಬ ಚಪ್ಪಲಿ ಬಿಟ್ಟು ಓಡಿದ. ಇನ್ನೊಬ್ಬನ ಹಲ್ಲು ಹೊಸ್ತಿಲ ಮೇಲೆ ಉಳಿಯಿತು. ನಾವು ಅದನ್ನೇ ಹೇಳಿಕೊಂಡು ವಾರವಿಡೀ ನಕ್ಕೆವು.

ಕಳೆದ ಬೇಸಿಗೆಯಲ್ಲಿ ಮೈದುನ ತಾನೇ ಬಂದ. ನಾವು ಎಲೆ ಹಿಡಿದು ಕೂತಿದ್ದೆವು. ಅವನು ಒಳಗೆ ಕಾಲಿಡುವ ಮೊದಲೇ ರಂಗಕ್ಕ ಮಚ್ಚೆತ್ತಿ ಎದುರು ನಿಂತಳು.

"ಒಂದೆಜ್ಜೆ ಮುಂದುಕ್ಕಿಟ್ರೆ ಸೀಳ್ಬುಡ್ತೀನಿ!"

ಅವನು ನಕ್ಕ. ನಗುತ್ತಲೇ ಬಂದು ಅವಳ ಜುಟ್ಟಿಗೆ ಕೈಹಾಕಿ ಬೀದಿಯತ್ತ ಎಳೆದ. ನಜೀರ್ ಸಾಬರು ಮೇಜು ದಾಟಿ ಬರುವಷ್ಟರಲ್ಲಿ ಮೈದುನನ ಕುತ್ತಿಗೆಯ ಬುಡಕ್ಕೆ ಮಚ್ಚಿನ ಏಟು ಬಿದ್ದಿತ್ತು. ರಕ್ತ ಬೀಜದ ರಾಶಿಯವರೆಗೂ ಚಿಮ್ಮಿತು. ಆಸ್ಪತ್ರೆ ತಲುಪುವ ಮೊದಲೇ ಅವನು ಸತ್ತ.

ಅವಳನ್ನು ನಾನು ಕೊನೆಯ ಸಲ ಕಂಡದ್ದು ಮಧುಗಿರಿ ಕೋರ್ಟಿನ ಜಗಲಿಯಲ್ಲಿ, ಇಬ್ಬರು ಮಹಿಳಾ ಪೊಲೀಸರ ನಡುವೆ. ಹೋಟೆಲಿಗೆ ಮೈದುನನ ಹೆಂಡತಿ ಬೀಗ ಜಡಿದಿದ್ದಾಳೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಊಟ ಆಯಿತಾ ಅಕ್ಕ ಎಂದೆ. ಅವಳು ನನ್ನನ್ನೇ ದಿಟ್ಟಿಸಿದಳು.

"ಹೆದ್ರಿ ಹಿಂದುಕ್ಕೋಯ್ತಾನೆ ಅಂತ್ಲೇ ಮಚ್ಚೆತ್ತಿದ್ದು ಕಣಪ್ಪ. ಕುಡ್ದಿದ್ದ ಅವ್ನು. ಕುಡ್ದೋನು ಯಾವತ್ತು ಎಲೆ ಎಸ್ದವ್ನೆ? ಮೊದ್ಲು ಅವನ ಬಾಯಿ ಮೂಸ್ಬೇಕಿತ್ತು ನಾನು."