ಸಮ್ಮೊಲ್ ಮಾವನ ನಾಯಿಗೆ ಏದುಸಿರು

ಸಮ್ಮೊಲ್ ಮಾವ ಫೋನಿನಲ್ಲೇ ರಕ್ತ ನಿಲ್ಲಿಸುತ್ತಿದ್ದ. ಯಾರಾದರೂ ಕೊಡಲಿಯಲ್ಲಿ ಕಾಲು ಕಡಿದುಕೊಂಡರೆ ಮೊದಲು ಮಾವನಿಗೆ ಫೋನು, ಆಮೇಲೆ ಆಂಬುಲೆನ್ಸಿಗೆ. ಮಾವ ಹೆಸರು ಕೇಳಿ, ಏನೋ ಗೊಣಗಿ, "ಆಯ್ತು, ಇಡು" ಎನ್ನುತ್ತಿದ್ದ. ರಕ್ತ ನಿಲ್ಲುತ್ತಿತ್ತು. ಅದು ಮಾವನ ಗೊಣಗಾಟಕ್ಕೋ, ಬಿಗಿದು ಕಟ್ಟಿದ ಬಟ್ಟೆಗೋ ಎಂದು ಕೇಳುವ ಅಧಿಕಪ್ರಸಂಗಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ನಾವು ಸಾಮಿ ಜನ, ಯುರೋಪಿನ ಉತ್ತರ ತುದಿಯ ಮೂಲನಿವಾಸಿಗಳು. ದೆಯತ್ನು ನದಿಯ ಈ ದಡ ಫಿನ್ಲೆಂಡ್, ಆ ದಡ ನಾರ್ವೆ. ಗೆರೆ ಎಳೆದವರು ನಮ್ಮನ್ನೇನೂ ಕೇಳಲಿಲ್ಲ. ಆ ದಡದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ, ಹಾಗಾಗಿ ತಡವಾಗಿ ಬಂದವರಿಗೆಲ್ಲ ನೆಪವೊಂದು ಸದಾ ಸಿದ್ಧ. ಹತ್ತಿರದ ದೊಡ್ಡಾಸ್ಪತ್ರೆಯೂ ನಮ್ಮ ಭಾಷೆ ಬಲ್ಲ ಡಾಕ್ಟರೂ ಇರುವುದು ಆ ಕಡೆಯೇ. ನಾನು ರವ್ನಾ, ಈ ದಡದ ನರ್ಸ್, ಮಾವನ ಅಕ್ಕನ ಮಗಳು.

ಎರಡೂ ದೇಶದವರು ಸೇರಿ ನಮ್ಮ ಆರೋಗ್ಯ ಕೇಂದ್ರದಲ್ಲಿ ದೊಡ್ಡ ವಿಡಿಯೋ ಪರದೆ ಹಾಕಿಸಿ, ರಿಬ್ಬನ್ ಕತ್ತರಿಸಿ, ಇನ್ನು ಮುಂದೆ ಆಚೆ ದಡದ ವೈದ್ಯರು ಕೂತಲ್ಲಿಂದಲೇ ನಿಮ್ಮನ್ನು ನೋಡುತ್ತಾರೆ ಎಂದು ಭಾಷಣ ಬಿಗಿದರು. ಮಾವ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದ. "ನಾನು ಇಷ್ಟು ವರ್ಷ ಮಾಡಿದ್ದು ಇನ್ನೇನು? ನಂಗೆ ಯಾವ ಬಡ್ಡೀಮಗನೂ ರಿಬ್ಬನ್ ಕತ್ತರಿಸ್ಲಿಲ್ಲ."

ನಮ್ಮವರಿಗೆ ಒಂದು ದೊಡ್ಡ ರೋಗವಿದೆ. ಸ್ವಂತ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಗೋಳು ತೋಡಿಕೊಂಡಂತೆ, ನಾಚಿಕೆಗೇಡು. ತೀರಾ ತಡೆಯಲಾಗದಿದ್ದರೆ ಹವೆಯ ಮಾತಿನಿಂದ ಶುರುಮಾಡಿ, ಪಕ್ಕದ ಮನೆಯವನ ಬೆನ್ನುನೋವಿಗೆ ಬಂದು, ಅಲ್ಲಿಂದ ಎದುರಿನವರೇ ಅರ್ಥ ಮಾಡಿಕೊಳ್ಳಬೇಕು. ಮಾವನ ಪಾಡು ಇನ್ನೂ ಕಷ್ಟದ್ದು. ಊರಿಗೆಲ್ಲ ವಾಸಿ ಮಾಡುವವನೇ ಮಲಗಿದರೆ ಮರ್ಯಾದೆ ಏನಾಗಬೇಕು?

ಆ ವಸಂತದಲ್ಲಿ ಮಾವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಟ್ಟಿಗೆ ತರಲು ಹೋದವನು ದಾರಿಯಲ್ಲೇ ಕೂತುಬಿಡುತ್ತಿದ್ದ. ಬೈದು, ಎಳೆದು ತಂದು ಪರದೆಯ ಮುಂದೆ ಕೂರಿಸಿದೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಯಾರಿಗೋ ಪಟ್ಟಿ ಕಟ್ಟಬೇಕಾಯಿತು. ಮರಳಿ ಬರುವಷ್ಟರಲ್ಲಿ ದಕ್ಷಿಣದಿಂದ ಆಚೆ ದಡದ ಆಸ್ಪತ್ರೆಗೆ ಬಂದಿದ್ದ ಬದಲಿ ಡಾಕ್ಟರು ದುಭಾಷಿಯ ಮೂಲಕ ಮಾತು ಮುಗಿಸಿ ಹೋಗಿದ್ದ. ಪರದೆಯ ಮೇಲೆ ಅವನ ಷರಾ ಇತ್ತು: ರೋಗಿ ಆರೋಗ್ಯವಾಗಿದ್ದಾರೆ, ನಾಯಿಯನ್ನು ಪಶುವೈದ್ಯರಿಗೆ ತೋರಿಸತಕ್ಕದ್ದು.

"ಯಾವ ನಾಯಿ ಮಾವಾ? ನಿನ್ ನಾಯಿ ಸತ್ತು ವರ್ಷ ಆಯ್ತಲ್ಲ!"

"ಅವನಿಗೇನು ಗೊತ್ತು?" ಎಂದು ಮಾವ ಟೋಪಿ ಹಾಕಿಕೊಂಡ.

ಮೈಯೆಲ್ಲ ಉರಿದುಹೋಯಿತು. ಬೈಯುವುದಾದರೂ ಯಾರನ್ನು? ಆಚೆ ದಡದ ಡಾಕ್ಟರ್ ರಿಸ್ತೆನ್‌ಗೆ ಫೋನ್ ಮಾಡಿ ನಾಯಿಯ ಕತೆ ಹೇಳಿದೆ. ನಮ್ಮವಳೇ, ಹಿಮಸಾರಂಗ ಸಾಕುವ ಮನೆಯ ಹುಡುಗಿ. ಮರುದಿನ ಪರದೆಯ ಮೇಲೆ ಬಂದವಳು ಮೊದಲು ಹಿಮ ಕರಗಿದ್ದರ ಬಗ್ಗೆ ಮಾತಾಡಿದಳು. ಆಮೇಲೆ ಕೇಳಿದಳು.

"ನಾಯಿ ಹೇಗಿದೆ, ಮಾವ?"

"ಏದುಸಿರು ಬಿಡುತ್ತೆ ಕಣಮ್ಮ. ದಿಬ್ಬ ಹತ್ತಕ್ಕಾಗಲ್ಲ."

"ಎಷ್ಟು ದಿಂಬಿಟ್ಕೊಂಡು ಮಲಗುತ್ತೆ?"

"ಮೂರು. ಕಮ್ಮಿ ಆದ್ರೆ ಉಸಿರು ಕಟ್ಟುತ್ತೆ."

"ಕಾಲು ಊದಿದ್ಯಾ?"

"ಹಿಂಗಾಲು. ಸಾಕ್ಸ್ ಬಿಚ್ಚಿದ್ರೆ ಗುರುತು ಬಿದ್ದಿರುತ್ತೆ."

ನಾನು ನಗು ಮುಚ್ಚಿಕೊಳ್ಳಲು ಗೋಡೆಯ ಕಡೆ ತಿರುಗಿದೆ. ರಿಸ್ತೆನ್ ನಗಲಿಲ್ಲ. "ನಾಯಿ ಎದೆ ಜೊತೆ ಹೋಲಿಸಿ ನೋಡ್ಬೇಕು, ಸ್ವಲ್ಪ ಅಂಗಿ ಬಿಚ್ಚಿ ಮಾವ" ಎಂದಳು. ನಾನು ಎದೆಬಡಿತ ಕೇಳುವ ಯಂತ್ರವನ್ನು ಮಾವನ ಎದೆಗೆ ಒತ್ತಿ ಹಿಡಿದೆ, ಸದ್ದು ನದಿಯಾಚೆ ಅವಳ ಕಿವಿಗೆ ಹೋಯಿತು. ಅವಳು ಬಹಳ ಹೊತ್ತು ಕೇಳಿದಳು.

"ಹೃದಯದ ಕವಾಟ ಕಟ್ಕೊಂಡಿದೆ. ಇವತ್ತೇ ಬರ್ಬೇಕು, ಗಾಡಿ ನಾನೇ ಕಳಿಸ್ತೀನಿ. ಆದ್ರೆ ಗಡಿ ದಾಟಿಸೋಕೆ ಎರಡೂ ದೇಶದವ್ರ ನಿಯಮ ಒಂದಿದೆ ಮಾವ. ಕಾಯಿಲೆ ನಂದು, ನಾನು ಬರ್ತೀನಿ ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು. ನಾಯಿ ಹೆಸರಲ್ಲಿ ಗಾಡಿ ಬರಲ್ಲ."

ದೂರದ ರಾಜಧಾನಿಗಳಲ್ಲಿ ಕೂತು ನಿಯಮ ಬರೆದ ಮಹಾಶಯರಿಗೆ ಸಾಮಿ ಮುದುಕನೊಬ್ಬನ ಪರಿಚಯ ಇದ್ದಿರಲಿಕ್ಕಿಲ್ಲ. ಮಾವ ನಮ್ಮ ಕಡೆಯ ರೂಢಿಯಂತೆ ಕಾಫಿಗೆ ಚೀಸಿನ ತುಂಡು ಹಾಕಿ ಕಲಕುತ್ತ ಕೂತ. ನನಗೆ ತಡೆಯಲಾಗಲಿಲ್ಲ.

"ಸಾಯ್ತೀಯ ಮಾವಾ! ಮರ್ಯಾದೆ ಕಟ್ಕೊಂಡು ಸತ್ತೇ ಹೋಗ್ತೀಯ! ಆಮೇಲೆ ನಂಗ್ಯಾರಿದ್ದಾರೆ?" ಎಂದು ಕಿರುಚಿದೆ. ನರ್ಸಿನ ಘನತೆ ಗಿನತೆ ಎಲ್ಲ ಮೂಗಿನಿಂದ ಸೋರುತ್ತಿತ್ತು.

ಮಾವ ನನ್ನನ್ನೇ ನೋಡಿದ. ಆಮೇಲೆ ಪರದೆಯ ಕಡೆ ತಿರುಗಿದ.

"ನಾಯಿ ಸಾಯೋವಾಗ ನಾನೇ ಪಕ್ಕದಲ್ಲಿ ಕೂತಿದ್ದೆ. ಉಸಿರಿಗೆ ಒದ್ದಾಡ್ತಿತ್ತು" ಎಂದ. ಚಮಚ ಕೆಳಗಿಟ್ಟ. "ಈಗ ನಂಗೂ ಹಾಗೇ ಆಗ್ತಿದೆ, ಮಗಳೇ. ಕಾಯಿಲೆ ನಂದೇ. ಹೆದರಿಕೆ ಆಗ್ತಿದೆ. ಬರ್ತೀನಿ."

ರಿಸ್ತೆನ್ ಅಲ್ಲೇ ಫೋನೆತ್ತಿ ಡ್ರೈವರಿಗೆ ಹೇಳಿದಳು. "ಗಾಡಿ ಹೊರಡ್ತು ಮಾವ" ಎಂದಳು.

ಸೇತುವೆ ದಾಟುವವರೆಗೂ ಮಾವ ನನ್ನ ಕೈ ಬಿಡಲಿಲ್ಲ. ಕವಾಟ ಬದಲಾಯಿಸಿದರು, ಬದುಕಿ ಬಂದ. ಈಗ ಕಾಫಿಯ ನೆಪದಲ್ಲಿ ನಮ್ಮ ಕೇಂದ್ರದಲ್ಲೇ ಠಿಕಾಣಿ ಹೂಡಿದ್ದಾನೆ. ಒಳಗೆ ಪರದೆಯ ಮುಂದೆ ಯಾರಾದರೂ ಪಕ್ಕದ ಮನೆಯವನ ಹೊಟ್ಟೆನೋವಿನ ಕತೆ ತೆಗೆದರೆ ಸಾಕು, ಬಾಗಿಲಾಚೆಯಿಂದ ಕೂಗುತ್ತಾನೆ: "ನಂದು ಅಂತ ಹೇಳೋ ಹೇತ್ಲಾಂಡಿ! ಹೇಳಿದ್ರೆ ಸಾಯಲ್ಲ, ನಾನು ಹೇಳಿ ನೋಡಿದ್ದೀನಿ!"