ಅಡ್ಡಿಲ್ಲೆ ಎಂಬ ದೂರು

೨೦೦೫ರ ಸಂಕ್ರಾಂತಿಯ ಮರುವಾರ ಶಿರಸಿಯ ನಮ್ಮ ಓಣಿಯಲ್ಲಿ ಇನ್ನೊಂದು ಮನೆಯವರು, ಲೆಕ್ಕಕ್ಕೆ ಮೂರನೆಯವರು, ಕೇಬಲ್ ಇಂಟರ್ನೆಟ್ ಬಿಟ್ಟರು. ನೆಟ್ ಹೇಗಿದೆ ಎಂದು ಹಿಂದಿನ ದಿನವಷ್ಟೇ ಫೋನಿನಲ್ಲಿ ಕೇಳಿದಾಗ ಅವರು "ಅಡ್ಡಿಲ್ಲೆ" ಎಂದಿದ್ದರು.

ಹಾಗೆ ಕೇಳಿದವರು ಕೇಬಲ್ ನಡೆಸುತ್ತಿದ್ದ ಬನವಾಸಿ ಕಡೆಯ ಸಾಹುಕಾರರು. ಹುಬ್ಬಳ್ಳಿಯ ಒಂದು ಕಂಪನಿಯಿಂದ ಸಂಪರ್ಕ ಪಡೆದು ಊರಿಗೆ ಹಂಚುವುದು ಅವರ ವ್ಯವಹಾರ. ಗಿರಾಕಿಗಳು ಹೀಗೇ ಬಿಡುತ್ತ ಹೋದರೆ ಯುಗಾದಿಯಿಂದ ಲೈನನ್ನು ಬೇರೆಯವರಿಗೆ ವಹಿಸುವುದಾಗಿ ಕಂಪನಿ ತಿಳಿಸಿತ್ತು. ಸಾಹುಕಾರರು ಸೇವೆ ಸುಧಾರಿಸಲು ಹೊರಟಿದ್ದರು. ಸುಧಾರಣೆ ಎಂದರೆ ದಿನಾ ಬೆಳಿಗ್ಗೆ ಎಲ್ಲ ಗಿರಾಕಿಗಳಿಗೂ ಫೋನ್ ಮಾಡಿ ವಿಚಾರಿಸುವುದು, ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು.

ನಾನಾಗ ಹುಬ್ಬಳ್ಳಿಯಲ್ಲಿ ಅಚ್ಚಾಗುವ ಪತ್ರಿಕೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುದ್ದಿ ಕಳಿಸುತ್ತಿದ್ದೆ. ಮಧ್ಯಾಹ್ನ ಊಟವಾಗುವ ಹೊತ್ತಿಗೆ ನೆಟ್ ಹೋಗುತ್ತಿತ್ತು, ಚಹಾದ ಹೊತ್ತಿಗೆ ಬರುತ್ತಿತ್ತು. ಒಮ್ಮೆ ಸುದ್ದಿಯನ್ನು ಫ್ಲಾಪಿಗೆ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆ. ಇ-ಮೇಲ್‌ಗಿಂತ ಮೊದಲು ಫ್ಲಾಪಿ ತಲುಪಿತು.

ದೂರು ಹೇಳಲು ಕೇಬಲ್ ಕಚೇರಿಗೆ ಹೋದೆ. ಸಾಹುಕಾರರು ಪುಸ್ತಕವನ್ನು ನನ್ನೆದುರು ಬಿಡಿಸಿಟ್ಟರು. ಪುಟದ ತುಂಬ ಒಂದೇ ಷರಾ: ಅಡ್ಡಿ ಇಲ್ಲ.

"ಎಲ್ಲಾರೂ ಅಡ್ಡಿ ಇಲ್ಲ ಅಂತಾರ್ರಿ. ಮತ್ತ ಯಾಕ ಬಿಡಾಕತ್ತಾರ?" ಎಂದರು.

ನನ್ನ ಹೆಸರಿನ ಮುಂದೆಯೂ ಅದೇ ಇತ್ತು. ನಾನೂ ಹಾಗೆಯೇ ಹೇಳಿದ್ದೆ.

ನಮ್ಮಲ್ಲಿ ಹೋಳಿಗೆ ಚೆನ್ನಾಗಿದ್ದರೂ ಅಡ್ಡಿಲ್ಲೆ, ಹೊತ್ತಿಹೋಗಿದ್ದರೂ ಅಡ್ಡಿಲ್ಲೆ. ಜ್ವರ ಬಿಟ್ಟರೂ ಅಡ್ಡಿಲ್ಲೆ, ಬಿಡದಿದ್ದರೂ ಅಡ್ಡಿಲ್ಲೆ. ಅದನ್ನು ಎಷ್ಟು ಎಳೆದು ಹೇಳಿದರು ಎಂಬುದರ ಮೇಲೆ ಅರ್ಥ. ಸಾಹುಕಾರರ ಪುಸ್ತಕದಲ್ಲಿ ಎಳೆತಕ್ಕೆ ಅಂಕಣವಿರಲಿಲ್ಲ.

ಕಚೇರಿಗೆ ಆ ತಿಂಗಳಷ್ಟೇ ಸೇರಿದ್ದ, ಯಲ್ಲಾಪುರ ಕಡೆಯ ನಂದೊಳ್ಳಿಯ ಹೆಂಗಸು ಬಿಲ್ಲು ಜೋಡಿಸುವುದನ್ನು ಬಿಟ್ಟು ತಲೆ ಎತ್ತಿದರು. "ಅದು ಉತ್ತರ ಅಲ್ಲ ಸಾರ್, ಮರ್ಯಾದೆ" ಎಂದರು.

ನೆಟ್ ಹೇಗಿದೆ ಎಂದು ಕೇಳಲೇಬಾರದು, ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂದಷ್ಟೇ ಕೇಳಬೇಕು ಎಂಬುದು ಅವರ ಸಲಹೆ. ಪುಸ್ತಕ ಅವರ ಕೈಗೆ ಹೋಯಿತು. ವಾರದೊಳಗೆ ಪುಟಗಳು ದೂರಿನಿಂದ ತುಂಬಿದವು. ಸುಧಾರಣೆ ಶುರುವಾದ ಮೇಲೆ ದೂರು ಹೆಚ್ಚಿದ್ದು ಹೇಗೆ ಎಂದು ಹುಬ್ಬಳ್ಳಿಯ ಕಂಪನಿಯವರು ಕೇಳಿದರು. ಜನರಿಗೆ ಈಗ ಬಾಯಿ ಬಂದಿದೆ ಎಂದು ಸಾಹುಕಾರರು ಉತ್ತರ ಕೊಟ್ಟರು. ಅವತ್ತಿನಿಂದ ಯುಗಾದಿಗೆ ಎಷ್ಟು ದಿನ ಉಳಿದಿದೆ ಎಂದು ಬಂದವರಿಗೆಲ್ಲ ಹೇಳತೊಡಗಿದರು.

ತಿಂಗಳು ತುಂಬಿದ ಮೇಲೆ ಪುಸ್ತಕ ನೋಡಿದರೆ ದೂರೆಲ್ಲ ನಮ್ಮ ಓಣಿಯದೇ, ಹೊತ್ತೂ ಒಂದೇ. ಎರಡು ದಿನ ಮಾತ್ರ ಒಂದು ದೂರೂ ಇರಲಿಲ್ಲ. ನಂದೊಳ್ಳಿಯವರು ಗೋಡೆಯ ಕ್ಯಾಲೆಂಡರಿನಲ್ಲಿ ಆ ಎರಡು ದಿನ ಹುಡುಕಿದರು. ಎರಡೂ ಏಕಾದಶಿ.

"ಹುಬ್ಬಳ್ಳಿ ಕಂಪ್ಯೂಟರು ಉಪಾಸ ಮಾಡ್ತೈತೇನ್ರಿ?" ಎಂದು ಸಾಹುಕಾರರು ನನ್ನನ್ನು ಕೇಳಿದರು. ಪತ್ರಿಕೆಯವನಾದ್ದರಿಂದ ಗೊತ್ತಿರಬೇಕು ಎಂದು ಅವರ ಅಂದಾಜು.

ಹೆಂಗಸು ಬೇರೆಯೇ ಪ್ರಶ್ನೆ ಕೇಳಿದರು. ಆ ಓಣಿಯಲ್ಲಿ ಏಕಾದಶಿ ಮಾಡುವವರು ಯಾರು?

ಒಬ್ಬರೇ ಇದ್ದರು, ಓಣಿಯ ಮೊದಲ ಮನೆಯ ನಿವೃತ್ತ ಮಾಸ್ತರರು. ಅವರ ಮನೆಗೆ ನೆಟ್ ಇರಲಿಲ್ಲ. ಆದರೆ ಓಣಿಗೆಲ್ಲ ಸಂಪರ್ಕ ಹಂಚುವ ಪೆಟ್ಟಿಗೆ ಅವರ ಮನೆಯ ಗೋಡೆಯಲ್ಲಿತ್ತು. ಅದಕ್ಕೆ ಕರೆಂಟೂ ಅವರದೇ. ಪೆಟ್ಟಿಗೆಯನ್ನು ಗೋಡೆಗೆ ಹೊಡೆಯಬಹುದೇ ಎಂದು ಸಾಹುಕಾರರು ಹಿಂದಿನ ವರ್ಷ ಕೇಳಿದ್ದರು. ಮಾಸ್ತರರು ಅಡ್ಡಿಲ್ಲೆ ಎಂದಿದ್ದರು.

ಚಹಾದ ಹೊತ್ತಿಗೆ ಮೂವರೂ ಹೋದೆವು. ನಂದೊಳ್ಳಿಯವರು ಕೂತ ಐದು ನಿಮಿಷದಲ್ಲಿ ತಮ್ಮ ಅತ್ತಿಗೆಯ ತವರಿನ ಕಡೆಯಿಂದ ಸಂಬಂಧ ಹುಡುಕಿ ಮಾಸ್ತರರನ್ನು ಮಾವ ಮಾಡಿಕೊಂಡರು. ಪೆಟ್ಟಿಗೆಯಿಂದ ತೊಂದರೆ ಇದೆಯೇ ಎಂದು ಕೇಳಿದಾಗ ಮಾಸ್ತರರು ಸಾಹುಕಾರರ ಮುಖ ನೋಡಿ, ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಎಳೆದು, ಅಡ್ಡಿಲ್ಲೆ ಎಂದರು. ಸಾಹುಕಾರರ ಮುಖ ಅರಳಿತು.

ಹೆಂಗಸು ಬಿಡಲಿಲ್ಲ. "ಮಾವ, ಅಡ್ಡಿ ಇದ್ದಾ ಇಲ್ಯಾ, ಒಂದು ಹೇಳಿ."

ಮಾಸ್ತರರು ಲೋಟ ಕೆಳಗಿಟ್ಟರು. "ಇದ್ದು ತಂಗಿ. ತಲೆ ಹತ್ರನೇ ಗುಂಯ್ ಗುಂಯ್ ಹೇಳ್ತು. ಮಧ್ಯಾಹ್ನ ಮನಿಕ್ಯಂಬಕಾದ್ರೆ ಆನು ಸ್ವಿಚ್ ತೆಗಿತೆ."

ಏಕಾದಶಿಯ ದಿನ ಅವರು ಹಗಲು ಮಲಗುವುದಿಲ್ಲ, ಸ್ವಿಚ್ಚು ಆರಿಸುವುದೂ ಇಲ್ಲ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸಾಹುಕಾರರು ಕೇಳಿದರು. ಅವರು ಕೇಳಿದ್ದು ಗೋಡೆಗೆ ಹೊಡೆಯಬಹುದೇ ಎಂದು ಮಾತ್ರ, ಸ್ವಿಚ್ಚಿನ ವಿಷಯ ಯಾರೂ ಕೇಳಿರಲಿಲ್ಲ ಎಂದು ಮಾಸ್ತರರು ವಿವರಿಸಿದರು. ಮೂವತ್ತು ವರ್ಷ ಪಾಠ ಹೇಳಿದವರ ಧ್ವನಿ ಅದು. ಸಾಹುಕಾರರು ಕೈಕಟ್ಟಿ ಕೇಳಿದರು.

ಮರುದಿನ ಪೆಟ್ಟಿಗೆ ಹಿತ್ತಿಲ ಕಡೆಯ ಗೋಡೆಗೆ, ಬಾವಿಯ ಪಂಪಿನ ಪಕ್ಕಕ್ಕೆ ಹೋಯಿತು. ನಾನು ಸಿದ್ದಾಪುರದ ಸುದ್ದಿಯೊಂದನ್ನು ಮಾಸ್ತರರ ನಿದ್ದೆಯ ಹೊತ್ತಿನಲ್ಲಿ ಕಳಿಸಿದೆ, ಅದು ಹೋಯಿತು. ಬಿಟ್ಟಿದ್ದ ಮೂರು ಮನೆಗಳಲ್ಲಿ ಎರಡು ವಾಪಸು ಬಂದವು. ಯುಗಾದಿಯಿಂದ ಲೈನು ಸಾಹುಕಾರರಿಗೇ ಉಳಿಯಿತು. ಪುಸ್ತಕದ ಒಳರಟ್ಟಿನ ಮೇಲೆ ಅವರು ಸ್ವತಃ ಒಂದು ಸೂಚನೆ ಬರೆದಿಟ್ಟರು: ಅಡ್ಡಿಲ್ಲೆ ಎಂದವರಿಗೆ ಇನ್ನೊಮ್ಮೆ ಫೋನ್ ಮಾಡುವುದು.

ಮುಂದೆ ಕೆಲವು ವರ್ಷಗಳಲ್ಲಿ ಆ ಕೇಬಲ್ ನಿಂತಿತು. ಕಳೆದ ವರ್ಷ ನಾನು ಮಾಸ್ತರರ ಮನೆಗೆ ಹೋದಾಗ ಪೆಟ್ಟಿಗೆ ಹಿತ್ತಿಲ ಗೋಡೆಯ ಮೇಲೆಯೇ ಇತ್ತು. ಆರಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಸ್ವಿಚ್ಚು ಹಾಕಿಯೇ ಇತ್ತು.